ನಮ್ಮ ಮಾವನ ನಿದ್ದೆಯ ಪಾಡು

ನಮ್ಮ ಮಾವ ಚಿಕ್ಕಸ್ವಾಮಿಯವರಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಕ್ಯಾತನಹಳ್ಳಿಗೆಲ್ಲ ಗೊತ್ತಿತ್ತು. ಬೇರೆ ಯಾರಾದರೂ ಎದುರಿಗೆ ಸಿಕ್ಕರೆ ಊಟ ಆಯ್ತಾ ಎಂದು ಕೇಳುವ ಜನ, ನಮ್ಮ ಮಾವನನ್ನು ಮಾತ್ರ "ರಾತ್ರಿ ನಿದ್ದೆ ಬಂತಾ ಚಿಕ್ಕಸಾಮಣ್ಣ?" ಎಂದು ಕೇಳುತ್ತಿದ್ದರು. ಡೈರಿಯಲ್ಲಿ ಹಾಲು ಅಳೆಯುವವನು ಕೇಳುತ್ತಿದ್ದ. ಪಾಂಡವಪುರದ ಬಸ್ಸಿನ ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲು ಕೇಳುತ್ತಿದ್ದ. ಇಷ್ಟು ಜನ ಬೆನ್ನು ಹತ್ತಿದರೆ ಬರಬೇಕೆಂದಿದ್ದ ನಿದ್ದೆಯೂ ದಾರಿಯಿಂದಲೇ ಹಿಂದಕ್ಕೆ ಹೋಗುತ್ತದೆ, ಅಲ್ಲವೇ? ನಾನು ಸಂತೆಬಾಚಹಳ್ಳಿ ಕಡೆಯವಳು. ತೊಂಬತ್ತನಾಲ್ಕರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಗಂಡ ನಿಂಗರಾಜು ಮೊದಲು ಹೇಳಿದ್ದೇ ಇದು: "ರಾತ್ರಿ ಪಡಸಾಲೇಲಿ ಯಾರಾದ್ರೂ ಓಡಾಡುದ್ರೆ ಎದ್ರುಕೊಬ್ಯಾಡ, ಅದು ನಮ್ಮಪ್ಪ."

ಮಾವ ಹುಟ್ಟಿದಾಗಿನಿಂದ ಹೀಗಿದ್ದವರಲ್ಲ. ನಮ್ಮ ಗದ್ದೆಗೆ ನಾಲೆ ನೀರಿನ ಸರದಿ ಬರುತ್ತಿದ್ದುದು ಹೆಚ್ಚಾಗಿ ರಾತ್ರಿ ಹೊತ್ತು. ಬೆಲ್ಲದ ಕಾಲ ಬಂತೆಂದರೆ ನಮ್ಮ ಆಲೆಮನೆಯ ಒಲೆ ಬೆಳಗಿನ ಜಾವಕ್ಕೇ ಹತ್ತಬೇಕು. ಹರೆಯದಿಂದ ಹೀಗೆ ದುಡಿದು ದುಡಿದು, ಮಲಗುವುದು ಯಾವಾಗ ಏಳುವುದು ಯಾವಾಗ ಎಂಬುದೇ ಆ ಮೈಗೆ ಮರೆತುಹೋಗಿತ್ತು. ಆದರೂ ಆಲೆಮನೆಯೆಂದರೆ ಅವರಿಗೆ ಪ್ರಾಣ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಪಕ್ಕದಲ್ಲಿ ನಿಂತು ಪಾಕದ ಹದ ನೋಡುತ್ತಿದ್ದರು. ಬಟ್ಟೆಯೆಲ್ಲ ಬೆಲ್ಲದ ವಾಸನೆ ಮಾಡಿಕೊಂಡು ಮನೆಗೆ ಬಂದಾಗ ಆ ಮುಖವನ್ನು ನೋಡಬೇಕಿತ್ತು.

ಅಂಥವರಿಗೆ ಒಂದು ದಿನ ಗಂಡಾಂತರ ಬಂತು. ಹಿಂದಿನ ರಾತ್ರಿ ಒಂದಿಷ್ಟೂ ಕಣ್ಣು ಮುಚ್ಚಿರಲಿಲ್ಲ. ಹಾಡಹಗಲೇ, ಕುದಿಯುವ ಕೊಪ್ಪರಿಗೆಯ ಅಂಚಿನಲ್ಲಿ ನಿಂತು ತೂಕಡಿಸಿಬಿಟ್ಟರು. ನಮ್ಮ ಆಳು ಕರಿಯಯ್ಯ ರಟ್ಟೆ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಏನಾಗುತ್ತಿತ್ತೋ, ಅದು ಬಾಯಲ್ಲಿ ಆಡುವ ಮಾತಲ್ಲ. ನನ್ನ ಗಂಡ ಅವತ್ತು ಮನೆಗೆ ಬಂದವನೇ ಕೈಕಾಲು ಕೂಡ ತೊಳೆಯದೆ ಅಪ್ಪನ ಮುಂದೆ ನಿಂತ.

"ನೋಡಪ್ಪ, ನಿದ್ದೆ ಸರೋಗೋ ಗಂಟ ನೀನು ಆಲೆಮನೆ ಕಡೆ ಕಾಲಿಡಂಗಿಲ್ಲ."

"ಆಲೆಮನೆ ಬುಟ್ಟು ನಾನೇನ್ಲಾ ಮಾಡ್ಲಿ?"

"ಮನೇಲಿರು. ನಿದ್ದೆ ಮಾಡು."

ಮಾವ ಗೋಡೆಗೆ ಒರಗಿ ಕುಳಿತುಬಿಟ್ಟರು. ನೋಡಿ ನನಗೆ ಪಾಪ ಅನ್ನಿಸಿತು. ಹಾಗಂತ ನನ್ನ ಗಂಡನನ್ನು ಬೈಯುವ ಹಾಗೂ ಇರಲಿಲ್ಲ, ಅವನು ಹೆದರಿಹೋಗಿದ್ದ. ಮುಂದಿನ ಬೆಲ್ಲದ ಕಾಲದೊಳಗೆ ನಿದ್ದೆ ಬಂದರೆ ಮಾವನಿಗೆ ಆಲೆಮನೆ ಉಂಟು, ಬರದಿದ್ದರೆ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ. ನನ್ನ ಅತ್ತೆ ಚಿಕ್ಕಬೋರಮ್ಮ ಯಾರು ಏನು ಹೇಳಿದರೂ ನಂಬುವ ಹೆಂಗಸು. ಹಿಂದಿನ ಬೀದಿಯ ಪುಟ್ಟಲಕ್ಷ್ಮಮ್ಮ ಗಸಗಸೆ ಪಾಯಸ ಕುಡಿಸು ಅಂದಳು. ಅತ್ತೆ ಗಸಗಸೆ ರುಬ್ಬಿ ರುಬ್ಬಿ ರಟ್ಟೆ ಬೀಳಿಸಿಕೊಂಡರು. ಇನ್ಯಾರೋ ತಂಪಿಗೆ ಹರಳೆಣ್ಣೆ ಅಂದರು. ಮಾವನ ನೆತ್ತಿಯಿಂದ ಎಣ್ಣೆ ಇಳಿದು ದಿಂಬೆಲ್ಲ ಜಿಡ್ಡಾಯಿತು. ಗಂಜಾಂಗೆ ಹೋಗಿ ನಿಮಿಷಾಂಬೆಗೆ ಹರಕೆ ಹೊತ್ತು, ಅಮ್ಮನ ಪಾದದ ನಿಂಬೆಹಣ್ಣು ತಂದು ಅದೇ ಜಿಡ್ಡು ದಿಂಬಿನ ಕೆಳಗಿಟ್ಟರು. ಪಾಯಸ ಕುಡಿದ ನನ್ನ ಗಂಡ ಕುಂತಲ್ಲೇ ಒರಗಿಬಿಡುತ್ತಿದ್ದ. ಮಾವ ಮಾತ್ರ ಲೋಟ ಕೆಳಗಿಟ್ಟು, "ಪಾಯ್ಸ ಪಸಂದಾಗದೆ ಕಣಮ್ಮಿ, ನಿದ್ದೆ ಒಂದು ಬರ್ನಿಲ್ಲ ಅಷ್ಟೇಯ" ಎಂದು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಬರಬರುತ್ತ ಅವರು ರಾತ್ರಿ ಓಡಾಡುವುದನ್ನು ನಿಲ್ಲಿಸಿದರು. ಗುಣವಾಯಿತೇನೋ ಎಂದು ನನಗೆ ಆಸೆ ಹುಟ್ಟಿತು. ಕೇಳಿದರೆ, "ಎಲ್ಲಿ ಬಂತವ್ವ. ನಾನು ಎದ್ದು ಓಡಾಡುದ್ರೆ ನಿಮ್ಮತ್ತೆಗೆ ಎಚ್ರಾಯ್ತದೆ ಅಂತ ಅಲುಗಾಡ್ದೆ ಬಿದ್ದಿರ್ತೀನಿ. ಅವ್ಳಾದ್ರೂ ಮಲ್ಗ್ಲಿ. ಎಂಗೆ ಗೊರ್ಕೆ ಹೊಡೀತಾಳೆ ಗೊತ್ತಾ, ಕೇಳುದ್ರೆ ನನಗೊಂಥರಾ ಸಮಾಧಾನ" ಅಂದರು.

ಇದು ಪಾಯಸಕ್ಕೆ ಬಗ್ಗುವ ಕಾಯಿಲೆಯಲ್ಲ ಎಂದು ನಾನೇ ಹಠ ಹಿಡಿದು ಮಾವ ಅತ್ತೆ ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ, ಡಾಕ್ಟರ್ ಅನಂತರಾಮು ಅವರ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಕಡೆ ಗಂಡಸರು ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಕಾಯಿಲೆ ಗಂಡನದು, ಹೇಳುವ ಕೆಲಸ ಹೆಂಡತಿಯದು. ಡಾಕ್ಟರು ಮಾವನನ್ನು, "ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ?" ಎಂದು ಕೇಳಿದರು. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಶುರು ಮಾಡಿದರು.

"ಉಂಡು ಎಲ್ಲಾರ್ ಜೊತೇಲೇ ಮಲ್ಕತಾರೆ ಸೋಮಿ. ಸಕ್ರೆ ಕಾರ್ಖಾನೆ ಸೈರನ್ನು ಕೂಗೋ ಗಂಟ ಅಲುಗಾಡ್ದೆ ಎಚ್ರವಾಗೇ ಇರ್ತಾರೆ. ಆಮೇಕೆ ಸದ್ದಾಗ್ದಂಗೆ ಎದ್ದು ಒಂದು ಚೊಂಬು ನೀರು ಕುಡೀತಾರೆ. ರೈಲು ಹೋಗೋ ಸದ್ದು ಕೇಳ್ತದಲ್ಲ, ಆಗ ನಿಟ್ಟುಸ್ರು ಬುಡ್ತಾರೆ. ಅಲ್ಲಿಂದಾಚೆಗೆ ಸೂರು ನೋಡ್ಕಂಡು ಅಂಗೇ ಬಿದ್ದಿರ್ತಾರೆ. ಕೋಳಿ ಕೂಗೋ ಒತ್ಗೆ ಒಂಚೂರು ಜೊಂಪು ಬತ್ತದೆ, ಅಷ್ಟ್ರಲ್ಲಿ ಹಾಲು ಕರೆಯೋ ಒತ್ತಾಯ್ತದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಎಲ್ಲ ಸರಿ ತಾಯಿ. ನೀವು ಯಾವಾಗ ನಿದ್ದೆ ಮಾಡ್ತೀರಿ?"

"ನಾನಾ? ಇವ್ರು ಮಲ್ಗುದ್ಮೇಲೆ."

"ಇವರು ಮಲಗೋದೇ ಇಲ್ಲ ಅಂತ ಈಗ ನೀವೇ ಹೇಳಿದ್ರಲ್ಲ."

ಅತ್ತೆ ತಲೆ ತಗ್ಗಿಸಿದರು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಗಂಡ ಕಣ್ಣು ಮುಚ್ಚುವ ಮುಂಚೆ ಹೆಂಡತಿ ಕಣ್ಣು ಮುಚ್ಚಬಾರದು ಎಂದು ಮದುವೆಯ ದಿನ ಅವರ ತಾಯಿ ಹೇಳಿ ಕಳಿಸಿದ್ದರಂತೆ. ಇದನ್ನು ನಮ್ಮವ್ವ ನನಗೂ ಹೇಳಿದ್ದಳು, ನಾನು ಅವತ್ತೇ ಗಾಳಿಗೆ ತೂರಿದೆ. ಎಲ್ಲ ಹೆಂಗಸರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ ಮಾತನ್ನು, ನಿದ್ದೆಯೇ ಬಾರದ ಗಂಡನನ್ನು ಕಟ್ಟಿಕೊಂಡ ಈ ಪುಣ್ಯಾತ್ಗಿತ್ತಿ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದರು.

ಮಾವನ ತಲೆಗೆ ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲ ಕಣಮ್ಮಿ, ನೀನು ಗೊರ್ಕೆ ಹೊಡೀತಿದ್ದಲ್ಲ? ನಾನೇ ಕೇಳೀವ್ನಿ."

"ಬೇಕಂತ ಹೊಡೀತಿದ್ದೆ. ನಾನೂ ಎದ್ದಿವ್ನಿ ಅಂತ ಗೊತ್ತಾದ್ರೆ ನೀವು ಇನ್ನೊಂಚೂರು ಮನ್ಸಿಗೆ ಅಚ್ಕತೀರ ಅಂತ."

"ನೀನು ಮಲ್ಗಿದ್ದೀಯ ಅಂತ ತಾನೆ ನಾನು ಕೊರಡಂಗೆ ಬಿದ್ದಿರ್ತಿದ್ದುದು?"

ನನಗೆ ನಗು ತಡೆಯಲಾಗಲಿಲ್ಲ, ನಗುತ್ತಿರುವಾಗಲೇ ಕಣ್ಣಲ್ಲಿ ನೀರೂ ಬಂತು. ಡಾಕ್ಟರು ಮಾತ್ರೆಯನ್ನು ಸ್ವಲ್ಪವೇ ಬರೆದು, ಬುದ್ಧಿ ಜಾಸ್ತಿ ಹೇಳಿದರು. ಮಧ್ಯಾಹ್ನ ಒರಗಕೂಡದು, ಸಂಜೆ ಮೇಲೆ ಕಾಫಿ ಕುಡಿಯಕೂಡದು. ನಿದ್ದೆ ಬರಲಿ ಬಿಡಲಿ ದಿನಾ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ಬಾರದಿದ್ದರೆ ಕಣ್ಣು ಮುಚ್ಚಿ ನಾಟಕ ಆಡದೆ ಎದ್ದು ಕುಳಿತು, ಜೊಂಪು ಹತ್ತಿದ ಮೇಲೇ ಮಲಗಬೇಕು. ನಿದ್ದೆಯ ವಿಷಯ ಯಾರೂ ಅವರನ್ನು ಕೇಳಬಾರದು. ಅತ್ತೆಗೆ, "ಅವರ ಕಡೆ ನೋಡದೆ ನೀವು ಮೊದಲು ಮಲಗಿ ತಾಯಿ" ಅಂದರು. "ಅದೆಂಗಾಯ್ತದೆ ಸೋಮಿ" ಎಂದು ಅತ್ತೆ ಗಾಬರಿಯಾದರು. ವಾಪಸು ಬರುವಾಗ ಮಾವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅತ್ತೆಗೆ ಬಿಟ್ಟುಕೊಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಾರನೇ ದಿನ ನಾನು ಡೈರಿಯ ಮುಂದೆ ನಿಂತು, ಇನ್ನು ಮೇಲೆ ನಮ್ಮ ಮಾವನನ್ನು ಯಾರಾದರೂ ನಿದ್ದೆಯ ವಿಚಾರ ಕೇಳಿದರೆ ಅವರ ಮನೆ ಬಾಗಿಲು ಬಡಿದು ನಾನು ಎಬ್ಬಿಸುತ್ತೇನೆ ಎಂದು ಹೇಳಿ ಬಂದೆ. ಜನ ನಕ್ಕರು, ಕೇಳುವುದನ್ನೂ ಬಿಟ್ಟರು. ಮನೆಯಲ್ಲಿ ಇಬ್ಬರೂ ಎದ್ದು ಕುಳಿತು ಮಾತಾಡಲು ಕಲಿತರು. ಹಳೇ ಜಗಳ, ಸತ್ತ ಎಮ್ಮೆ, ನಾದಿನಿಯ ಮದುವೆಯಲ್ಲಿ ಸಾಲದೆ ಹೋದ ಪಲ್ಯ, ಏನೇನೋ. ನಿಧಾನವಾಗಿ, ತಿಂಗಳುಗಟ್ಟಲೆ ನಿಧಾನವಾಗಿ, ಮಾವನಿಗೆ ನಿದ್ದೆ ಹತ್ತತೊಡಗಿತು. ಮಾತಿನ ನಡುವೆಯೇ ಮಲಗಿಬಿಡುತ್ತಿದ್ದರು. ಅತ್ತೆಗೆ ಮಾತ್ರ ಬರಲಿಲ್ಲ. ಎಷ್ಟೋ ವರ್ಷ ಕಾವಲು ಕೂತ ಕಣ್ಣುಗಳು ಹೇಳಿದ ಮಾತು ಕೇಳಲಿಲ್ಲ.

ಮುಂದಿನ ಬೆಲ್ಲದ ಕಾಲ ಬಂತು. ಒಲೆಗೆ ಪೂಜೆ ಮಾಡಿ ಬೆಂಕಿ ಹಚ್ಚುವ ಹಿಂದಿನ ಸಂಜೆ ನನ್ನ ಗಂಡ, "ನಾಳೆ ಒಲೆ ನೀನೇ ಅಚ್ಚಬೇಕು ಕಣಪ್ಪ" ಅಂದ. ಮಾವ ಮಗುವಿನ ಹಾಗೆ ನಕ್ಕರು. ಹೊಸ ಪಂಚೆ ತೆಗೆದಿಟ್ಟುಕೊಂಡರು.

ಬೆಳಿಗ್ಗೆ ನಾನು ಕಸ ಗುಡಿಸಲು ಬಂದರೆ ಮಾವ ಆ ಪಂಚೆ ಉಟ್ಟು ಹೊಸಿಲ ಮೇಲೆ ಕುಳಿತಿದ್ದಾರೆ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಒಳಗೆ ನೋಡಿದೆ. ಬೆಳಕು ಹರಿಯುವ ಮುಂಚೆ ಏಳುತ್ತಿದ್ದ ಅತ್ತೆ ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು ಮೈಮರೆತು ಮಲಗಿದ್ದರು.

"ನೀವು ಹೋಗಿ ಮಾವ, ನಾನು ನೋಡ್ಕತೀನಿ" ಅಂದೆ.

"ನಿನ್ ಬಾಯಿ ನಂಗೊತ್ತಿಲ್ವಾ ಕಣವ್ವ. ಯಾರಾದ್ರೂ ಬಂದ್ರೆ ನೀನೇ ಕೂಗಾಡಿ ಎಬ್ಬುಸ್ಬುಡ್ತೀಯ."

ನಾನು ಪೊರಕೆಯನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿದೆ. ಅಷ್ಟರಲ್ಲಿ ನನ್ನ ಗಂಡ ಆಲೆಮನೆಯಿಂದ ಮೊಪೆಡ್ಡಿನಲ್ಲಿ ಧಡಧಡ ಬಂದ. ಮಾವ ಬೀದಿಗೇ ಓಡಿ ಕೈ ಅಡ್ಡ ಹಿಡಿದರು. "ಆಪ್ ಮಾಡ್ಲಾ ಗಾಡಿಯ. ನಿಮ್ಮವ್ವ ಮಲ್ಗವ್ಳೆ."

"ಅಲ್ಲಿ ಎಲ್ಲಾರೂ ಕಾಯ್ತಾವ್ರೆ ಕಣಪ್ಪ. ಪೂಜೆ ಒತ್ತು ಮೀರೋಯ್ತದೆ."

"ನೀನೇ ಅಚ್ಬುಡು ಓಗು."

"ವರ್ಸದಿಂದ ಇದುನ್ನೇ ಕಾಯ್ತಿದ್ದಲ್ಲ ನೀನು?"

"ಊಂ ಕಣ್ಲಾ, ನಾನು ಒಂದು ವರ್ಸ ಕಾದೆ. ಅವ್ಳು ಎಷ್ಟು ವರ್ಸ ಕಾದವ್ಳೆ ಅಂತ ಲೆಕ್ಕ ಇಟ್ಟವ್ರು ಯಾರ್ಲಾ?"

ನನ್ನ ಗಂಡ ಬಾಗಿಲವರೆಗೆ ಬಂದು ಒಳಗೆ ಇಣುಕಿದ. ಅವ್ವ ಮಲಗಿದ್ದನ್ನು ಅವನು ಅದುವರೆಗೆ ನೋಡಿರಲೇ ಇಲ್ಲವೇನೋ, ಸುಮಾರು ಹೊತ್ತು ನಿಂತೇ ಇದ್ದ. ಆಮೇಲೆ ಮೊಪೆಡ್ಡನ್ನು ಬೀದಿಯ ಕೊನೆಯವರೆಗೂ ತಳ್ಳಿಕೊಂಡು ಹೋಗಿ, ಅಲ್ಲಿ ಸ್ಟಾರ್ಟ್ ಮಾಡಿದ. ಮಾವ ಮತ್ತೆ ಹೊಸಿಲ ಮೇಲೆ ಬೀದಿಗೆ ಮುಖ ಮಾಡಿ ಕುಳಿತರು.