ಹೆಂಡತಿಯ ಭುಜ, ಗಂಡನ ಉತ್ತರ

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ಬ್ರಹ್ಮಾವರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಆ ವರ್ಷ ನಮ್ಮ ಮೂಳೆ ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದವರೇ ಒಂದು ಪ್ರಶ್ನಾವಳಿಯ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಇನ್ನು ಮುಂದೆ ಭುಜದ ನೋವೆಂದು ಬರುವ ಪ್ರತಿಯೊಬ್ಬರಿಗೂ ಮೊದಲು ಇದನ್ನು ಕೇಳಿ, ಅಂಕ ಕೂಡಿಸಿ, ಆಮೇಲೆ ಒಳಗೆ ಕಳಿಸಬೇಕು ಎಂದರು.

ಅವರ ಉದ್ದೇಶ ಒಳ್ಳೆಯದೇ. ಭುಜ ನೋಯುತ್ತದೆ ಎಂದು ಬರುವವರ ನೋವೆಲ್ಲ ಒಂದೇ ಜಾತಿಯದಲ್ಲ. ಕೆಲವರಿಗೆ ಕೀಲೇ ಬಿಗಿದುಕೊಂಡಿರುತ್ತದೆ. ಕೆಲವರಿಗೆ ಕುತ್ತಿಗೆಯ ಹತ್ತಿರ ನರ ಒತ್ತಿಹೋಗಿ, ಅದರ ನೋವು ಭುಜದಲ್ಲೂ ಕೈಯಲ್ಲೂ ಕಾಣಿಸಿಕೊಳ್ಳುತ್ತದೆ. ನರದ ನೋವಾದರೆ ಉರಿ ಇರುತ್ತದೆ, ಜೋಮು ಇರುತ್ತದೆ, ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಹಾಗಾಗಿ ಕೇಳಿ ತಿಳಿದುಕೊಳ್ಳುವುದು ಸರಿಯೇ.

ಆದರೆ ಕೇಳುವುದು ಯಾವ ಭಾಷೆಯಲ್ಲಿ? "ಬಾಧಿತ ಭಾಗದ ತ್ವಚೆಯ ಮೇಲೆ ಲಘು ಸ್ಪರ್ಶವು ವೇದನಾದಾಯಕವಾಗಿದೆಯೇ?" ಎಂದು ಅದರಲ್ಲಿ ಅಚ್ಚಾಗಿತ್ತು. ಬೈಂದೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹೆಂಗಸಿಗೆ ಇದನ್ನು ಓದಿ ಹೇಳಿದರೆ ಅವಳು ಮದ್ದಿನ ಹೆಸರೇನೋ ಎಂದು ತಿಳಿದು, "ಊಟ ಆದ್ಮೇಲಾ, ಮುಂಚಿಯಾ?" ಎಂದು ಕೇಳಿದಳು. ಆಮೇಲೆ ನಾನು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು "ಅಂಗಿ ತಾಗ್ರೂ ನೋಯತ್ತಾ?" ಎಂದೇ ಕೇಳುತ್ತಿದ್ದೆ. ಡಾಕ್ಟರು ಮೈಸೂರು ಕಡೆಯವರು. ನಮ್ಮಲ್ಲಿ "ನೋವ್ ಇತ್ತ್" ಎಂದರೆ ನೋವು ಇದೆ ಎಂದೇ ಅರ್ಥ. ಅವರಿಗದು ಹಿಂದೆ ಯಾವಾಗಲೋ ಇತ್ತು ಎಂದು ಕೇಳಿಸುತ್ತಿತ್ತು. ಹೀಗೆ ನೋವಿದ್ದವರನ್ನೆಲ್ಲ ಅವರು ವಾಸಿಯಾದವರ ಪಟ್ಟಿಗೆ ಸೇರಿಸುವುದು, ನಾನು ಹಿಂದಿನಿಂದ ಓಡಿ ಹೋಗಿ ತಿದ್ದುವುದು. ದಿನಾ ಇದೇ.

ಇಂಥ ಹೊತ್ತಿನಲ್ಲಿ ಉಪ್ಪುಂದದ ಆ ಗಂಡ ಹೆಂಡತಿ ಬಂದರು. ಇಬ್ಬರಿಗೂ ಅರವತ್ತು ದಾಟಿತ್ತು. ಗಂಡ ಚಿಕ್ಕವನಿರುವಾಗಲೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿ, ಕೊನೆಗೆ ಸ್ವಂತ ಹೋಟೆಲನ್ನೇ ಮಾಡಿ, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಊರಿಗೆ ಬಂದವರು. ನೋವು ಹೆಂಡತಿಗೆ. ಎಡಗೈ ಮೇಲೆತ್ತಲು ಬರುವುದಿಲ್ಲ, ತಲೆ ಬಾಚಿಕೊಳ್ಳಲು ಬರುವುದಿಲ್ಲ.

ನಾನು ಹೆಂಡತಿಯ ಮುಖ ನೋಡಿ ಕೇಳಿದೆ, "ಅಮ್ಮ, ನೋವ್ ಉರಿ ಉರಿ ಆತ್ತಾ?"

"ಆತ್ತ್, ಜೋರ್ ಆತ್ತ್," ಎಂದರು ಗಂಡ.

"ಅವರೇ ಹೇಳಲಿ ಯಜಮಾನ್ರೇ."

"ಅವ್ಳಿಗೆ ಹೇಳುಕೆ ಬತ್ತಿಲ್ಲ ಮೇಡಮ್. ನೀವ್ ನಂಗೆ ಕೇಣಿ."

ಮುಂದಿನ ಪ್ರಶ್ನೆಗೂ ಅವರೇ. ಅದರ ಮುಂದಿನದಕ್ಕೂ ಅವರೇ. ಕರೆಂಟ್ ಹೊಡೆದ ಹಾಗೆ ಆಗುತ್ತದಾ ಎಂದರೆ, "ಏಕ್‌ದಮ್ ಕರೆಂಟೇ. ಕುತ್ಗಿ ತಿರ್ಗಿಸ್ರೆ ಇಲ್ಲಿಂದ ಹೊರ್ಟ್ ಹೆಬ್ಬೆಟ್ಟಿನ್ ವರ್ಗೆ ಬತ್ತ್," ಎಂದು ತಮ್ಮ ಬಲಗೈಯನ್ನೇ ಉದ್ದಕ್ಕೂ ಸವರಿ ತೋರಿಸಿದರು. ತೋರಿಸಲು ಅದು ಅನುಕೂಲದ ಕೈ ಎಂದುಕೊಂಡೆ. ತಾಳ್ಮೆ ಕೆಟ್ಟು, ಒಂದು ಮದ್ದಿನ ಚೀಟಿ ಕೊಟ್ಟು ಅವರನ್ನು ಕೆಳಗಿನ ಅಂಗಡಿಗೆ ಕಳಿಸಿದೆ. "ಈಗ ಹೇಳಿ ಅಮ್ಮ," ಎಂದೆ.

ಆಕೆ ಸೆರಗು ಸರಿ ಮಾಡಿಕೊಂಡು, "ಅವ್ರ್ ಬರ್ಲಿ. ಅವ್ರೇ ಹೇಳ್ತ್ರ್," ಎಂದರು. ಎಷ್ಟು ಕೇಳಿದರೂ ಅದೇ ಮಾತು. ಕೊನೆಗೆ ಗಂಡ ಹೇಳಿದ್ದನ್ನೇ ಬರೆದುಕೊಂಡು ಅಂಕ ಕೂಡಿಸಿದೆ. ಇಷ್ಟು ಅಂಕ ದಾಟಿದರೆ ನರದ ನೋವು ಎಂದು ಕಾಗದದಲ್ಲಿ ಹಾಕಿದ್ದ ಗೆರೆಯನ್ನು ಅದು ಎಲ್ಲೋ ದಾಟಿ ಹೋಗಿತ್ತು.

ಡಾಕ್ಟರು ಆಕೆಯ ಕೈ ಎತ್ತಿ ನೋಡಿದರು. ಅವರು ಎತ್ತಿದರೂ ಕೈ ಹೆಗಲಿನ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಕೀಲು ಬಿಗಿದದ್ದು ಕಣ್ಣಿಗೆ ಕಾಣುತ್ತಿತ್ತು. "ಸರ್, ಇದು ಕೀಲಿನದ್ದೇ ಅಲ್ವಾ?" ಎಂದೆ. ಅವರು ಕಾಗದದ ಮೇಲೆ ಬೆರಳಿಟ್ಟು, "ಸ್ಕೋರ್ ನೋಡಿ. ಎರಡೂ ಇರಬಹುದು. ಕುತ್ತಿಗೆ ಸ್ಕ್ಯಾನ್ ಆಗಲಿ," ಎಂದರು. ಕೈಯಲ್ಲಿ ಹಿಡಿದ ಭುಜಕ್ಕಿಂತ ಕಾಗದದ ಸಂಖ್ಯೆ ಹೆಚ್ಚಾಯಿತಲ್ಲ ಎಂದು ನನಗೆ ಒಳಗೊಳಗೇ ಉರಿಯಿತು. ಆ ಸಂಖ್ಯೆಯನ್ನು ಬರೆದವಳು ನಾನೇ ಆದ್ದರಿಂದ ಹೆಚ್ಚು ಮಾತಾಡುವ ಹಾಗೂ ಇರಲಿಲ್ಲ.

ಸ್ಕ್ಯಾನಿಗೆ ಮಣಿಪಾಲಕ್ಕೆ ಹೋಗಬೇಕಿತ್ತು. ಅದಕ್ಕೆ ಮೊದಲು ಆಕೆ ವ್ಯಾಯಾಮಕ್ಕೆಂದು ಒಬ್ಬರೇ ಬಂದರು. ಗಂಡನಿಗೆ ಆ ದಿನ ಸಂಬಂಧಿಕರದೇನೋ ಮದುವೆ ಮಾತುಕತೆ. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲೇರಿಸುವ ವ್ಯಾಯಾಮ ಮಾಡಿಸುತ್ತಿದ್ದೆ. ನಡುವೆ ಆಕೆ ತಿರುಗಿ ಕೇಳಿದರು, "ನನ್ ಕುತ್ಗಿಗೆ ಎಂತಕ್ಕೆ ಸ್ಕ್ಯಾನ್, ಮೇಡಮ್?"

"ಕೈಯೊಳ್ಗೆ ಕರೆಂಟ್ ಹೊಡಿತ್ತಲ್ಲ, ಅದ್ಕೆ."

"ಅದ್ ನಂಗಲ್ಲ. ಅವ್ರಿಗೆ."

ನಾನು ಅವರನ್ನು ಕುರ್ಚಿಯ ಮೇಲೆ ಕೂರಿಸಿದೆ. "ಮತ್ತೆ ಆವತ್ತು ನೀವು ಯಾಕೆ ಹೇಳಲಿಲ್ಲ?"

"ಅವ್ರ್ ಆಸ್ಪತ್ರಿ ಮೆಟ್ಲ್ ಹತ್ತುವವ್ರೇ ಅಲ್ಲ. ಒಂದ್ ವರ್ಷ ಆಯ್ತ್ ಆ ಕೈ ಒದ್ದಾಡುಕೆ ಶುರುವಾಯಿ. ನಂಗೂ ಹೇಳುದಿಲ್ಲ. ನೀವ್ ಕೇಳ್ವಾಗ ನನ್ ಹೆಸ್ರ್ ಹೇಳಿಯಾದ್ರೂ ಬಾಯ್ ಬಿಟ್ರಲ್ಲ, ಹೇಳ್ಲಿ ಅಂದೇಳಿ ಸುಮ್ನೆ ಕೂಕಂಡೆ."

"ಮುಚ್ಚಿಡುವುದು ಯಾಕೆ?"

"ಬೊಂಬಾಯಿ ಹೋಟ್ಲಲ್ಲಿ ನೋವ್ ಅಂದ್ರೆ ಮರ್ದಿನ ಆ ಕೆಲ್ಸಕ್ಕೆ ಇನ್ನೊಬ್ಬನ್ನ ಇಟ್ಕಂತ್ರ್ ಅಂಬ್ರ್. ಅದೇ ಅಭ್ಯಾಸ ಆಯ್ತ್."

ಎಲ್ಲ ಪ್ರಶ್ನೆಗಳನ್ನೂ ಆಕೆಗೆ ಹೊಸದಾಗಿ ಕೇಳಿದೆ. ಉರಿ ಇಲ್ಲ, ಜೋಮಿಲ್ಲ. ಚರ್ಮದ ಮೇಲೆ ಹತ್ತಿ ಸವರಿದರೆ ಹತ್ತಿ ಎನ್ನಿಸುತ್ತದೆ, ಅಷ್ಟೆ; ನೋವಿಲ್ಲ. ಎಡ ಮಗ್ಗುಲಿಗೆ ಮಲಗಿದರೆ ಮಾತ್ರ ನೋವು. ಅಂಕ ಗೆರೆಯ ಹತ್ತಿರವೂ ಬರಲಿಲ್ಲ.

ಮುಂದಿನ ವಾರ ಗಂಡ ಜೊತೆಗೆ ಬಂದಾಗ ನಾನು ನೇರವಾಗಿ ಒಂದು ಹೊಸ ಕಾಗದ ತೆಗೆದೆ. "ಯಜಮಾನ್ರೇ, ಇದು ನಿಮಗೆ. ನಿಮ್ಮ ಕೈಯಲ್ಲಿ ಜೋಮು ಇದೆಯಾ?"

"ನಂಗಾ? ನಂಗೆಂತ ಆಯ್ತ್? ಫಸ್ಟ್ ಕ್ಲಾಸ್ ಇದ್ದೆ."

"ಉರಿ?"

"ಇಲ್ಲ."

"ಕರೆಂಟ್ ಹೊಡೆದ ಹಾಗೆ?"

"ಎಂತದೂ ಇಲ್ಲ ಮೇಡಮ್. ಅವ್ಳಿಗೆ ಕಾಣಿ, ಹೊತ್ತಾಯ್ತ್." ಹೇಳುತ್ತಿರುವಾಗಲೇ ಎಡಗೈಯಿಂದ ಬಲಗೈಯ ಹೆಬ್ಬೆರಳನ್ನು ತಿಕ್ಕುತ್ತಿದ್ದರು. ಅಂಕ ಸೊನ್ನೆ. ನನಗೆ ಆ ಕಾಗದವನ್ನು ಹರಿದು ಹಾಕಬೇಕೆನ್ನಿಸಿತು.

ಮೂರೂ ಕಾಗದಗಳನ್ನು ಡಾಕ್ಟರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಇಲ್ಲದವರಿಗೆ ಅಷ್ಟು ಅಂಕ, ಇರೋವ್ರಿಗೆ ಸೊನ್ನೆ. ಇದನ್ನ ಎಲ್ಲಿ ಅಂತ ಬರೆಯೋದ್ರೀ?" ಎಂದರು. ಸ್ವಲ್ಪ ಹೊತ್ತು ಯೋಚಿಸಿ ಇಬ್ಬರನ್ನೂ ಒಳಗೆ ಕರೆಸಿದರು. ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, "ಅಮ್ಮನಿಗೆ ನೋವು ಹೇಗೆ ಬರುತ್ತೆ ಅಂತ ನೀವೇ ಚೆನ್ನಾಗಿ ಹೇಳೋದಂತೆ. ತೋರಿಸಿ ನೋಡೋಣ," ಎಂದರು.

ಗಂಡನಿಗೆ ಸಂತೋಷವಾಯಿತು. ವಿವರಿಸಲು ಶುರುಮಾಡಿದರು. ಡಾಕ್ಟರು "ಹೀಗಾ?" ಎನ್ನುತ್ತ ಅವರ ತಲೆಯನ್ನು ಬಲಕ್ಕೆ ವಾಲಿಸಿ, ಮೇಲಿನಿಂದ ಮೆಲ್ಲಗೆ ಒತ್ತಿದರು. ಮಾತು ಅಲ್ಲಿಗೇ ನಿಂತಿತು. ಬಲಗೈಯನ್ನು ಎದೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ನೋವು ಇಳಿದ ಮೇಲೆ ಡಾಕ್ಟರು ಒಂದು ಕಾಗದದ ಚೂರನ್ನು ಅವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ ಎಳೆದರು. ಅದು ಸುಲಭವಾಗಿ ಜಾರಿ ಬಂತು.

ಆಮೇಲೆ ಹೆಂಡತಿ ಮೆಲ್ಲಗೆ, "ಇನ್ನಾದ್ರೂ ಹೇಳಿ," ಎಂದರು.

"ಎಂತ ಹೇಳುದ್? ವಯಸ್ಸಾದ್ಮೇಲೆ ಎಲ್ರಿಗೂ ಇಪ್ಪುದೇ," ಎಂದರು ಅವರು, ನೆಲ ನೋಡುತ್ತ. ಅಂಗಿಯ ಗುಂಡಿ ಹಾಕಲೂ ಕಷ್ಟವಾಗುತ್ತಿದೆ ಎಂದು ಆಮೇಲೆ ಒಪ್ಪಿಕೊಂಡರು. ಅದನ್ನೂ ಹೆಂಡತಿಯ ಕಡೆ ನೋಡದೆ.

ಹೆಂಡತಿಗೆ ಬರೆದಿದ್ದ ಸ್ಕ್ಯಾನ್ ಗಂಡನಿಗೆ ಆಯಿತು. ಕುತ್ತಿಗೆಯ ಮೂಳೆಗಳ ನಡುವೆ ನರ ಒತ್ತಿಹೋಗಿತ್ತು. ಮಾತ್ರೆ, ಕುತ್ತಿಗೆಗೆ ಪಟ್ಟಿ, ನನ್ನ ಹತ್ತಿರ ತೂಕ ಕಟ್ಟಿ ಕುತ್ತಿಗೆ ಎಳೆಯುವ ಟ್ರಾಕ್ಷನ್. ಕರೆಂಟ್ ಹೊಡೆಯುವುದು ನಿಂತಿತು. ಹೆಬ್ಬೆರಳಿನ ಬಲ ಮಾತ್ರ ಪೂರ್ತಿ ಮರಳಲಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಬರುತ್ತಿತ್ತೇನೋ. ಹೆಂಡತಿಯ ಭುಜ ನಿಧಾನಕ್ಕೆ, ತಿಂಗಳುಗಟ್ಟಲೆ ತೆಗೆದುಕೊಂಡು ಸಡಿಲವಾಯಿತು.

ಉತ್ತರ ಕೊಟ್ಟವರು ಯಾರು ಎಂಬ ಒಂದು ಸಾಲನ್ನು ಪ್ರಶ್ನಾವಳಿಗೆ ಸೇರಿಸೋಣ ಎಂದು ಡಾಕ್ಟರಿಗೆ ಹೇಳಿ ನೋಡಿದೆ. ತಜ್ಞರು ಮಾಡಿದ್ದನ್ನು ನಾವು ಬದಲಿಸುವ ಹಾಗಿಲ್ಲ ಎಂದುಬಿಟ್ಟರು. ಮತ್ತೆ ಅದೇ ತ್ವಚೆ, ಅದೇ ಲಘು ಸ್ಪರ್ಶ.

ಗಂಡನಿಗೆ ಟ್ರಾಕ್ಷನ್ ನಡೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಪಕ್ಕದ ಮಂಚಕ್ಕೆ ಹಟ್ಟಿಯಂಗಡಿ ಊರಿನ ಒಬ್ಬರು ಬಂದಿದ್ದರು. ಗದ್ದಕ್ಕೆ ಪಟ್ಟಿ ಕಟ್ಟಿ, ತಲೆಯ ಹಿಂದೆ ತೂಕ ನೇತುಹಾಕಿ ಮಲಗಿಸಿದ ಇವರನ್ನು ನೋಡಿ, "ಹ್ವಾಯ್, ನಿಮ್ಗೆ ಎಂತ ಆದ್ದ್?" ಎಂದು ಕೇಳಿದರು.

ಇವರಿಗೆ ಬಾಯಿ ಅಗಲಿಸಲು ಆಗುತ್ತಿರಲಿಲ್ಲ. ಆದರೂ ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟರು.

"ನಂಗೆಂತ ಇಲ್ಲ. ಹೆಂಡ್ತಿ ಭುಜ ತೋರ್ಸುಕೆ ಬಂದದ್."