ನೀರು ನಿಂತ ಹತ್ತು ನಿಮಿಷ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಭಾನುವಾರ ಹಾಳಾದದ್ದು ನನ್ನ ಗಂಟಲಿನಿಂದ. ಸಮುದ್ರದ ತಪ್ಪಿಲ್ಲ, ದೋಣಿಯವನ ತಪ್ಪಿಲ್ಲ. ಕಾಕಾ ಉಲ್ಹಾಸನಗರದಿಂದ ಕೊಂಡು ತಂದಿದ್ದ ನೀರುಗನ್ನಡಕ ಒಂದು ಮೂಲೆಯಲ್ಲಿ ಸೋರುತ್ತಿತ್ತು, ನಿಜ. ಆದರೆ ಅದರ ತಪ್ಪೂ ಅಲ್ಲ. ಹತ್ತೊಂಬತ್ತು ವರ್ಷದ ಒಬ್ಬ ಮಂಗ, ಸಿಕ್ಕವರ ದನಿಯನ್ನೆಲ್ಲ ಕದ್ದು ಬಾಯಲ್ಲಿಟ್ಟುಕೊಂಡು, ಕೂಗಬಾರದ ಹೊತ್ತಿನಲ್ಲಿ ಕೂಗಿದ. ಆ ಮಂಗ ನಾನು.

ಎಂಬತ್ತರ ದಶಕ. ವಾಶಿಗೆ ಇನ್ನೂ ರೈಲು ಬಂದಿರಲಿಲ್ಲ. ನಾವಿದ್ದದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ, ಎಂದರೆ ಮಾಳಿಗೆ ವಠಾರದಲ್ಲಿ. ಮನೆಯಲ್ಲಿ ವಿಜಾಪುರದ ಮಾತು, ಶಾಲೆಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕೆಳಗಿನ ಮನೆಯವರೊಡನೆ ಉಡುಪಿ ಕಡೆಯ ಕನ್ನಡ. ಇಷ್ಟರಲ್ಲಿ ನನ್ನದು ಯಾವುದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬಿ.ಕಾಂ.ನಲ್ಲಿ ಎರಡು ವಿಷಯ ಬಾಕಿ ಉಳಿದಿದ್ದವು. ಇನ್ನೊಬ್ಬರ ಹಾಗೆ ಮಾತಾಡುವುದರಲ್ಲಿ ಮಾತ್ರ ಪೂರಾ ಪಾಸು. ಹಾಲಿನ ಭೈಯ್ಯಾ, ಟಿಕೆಟ್ ತಪಾಸಣೆಯವನು, ನಮ್ಮ ಪ್ರಿನ್ಸಿಪಾಲರು ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಅಪ್ಪನವು ಎರಡು ಇದ್ದವು: ಸಾಹೇಬರ ಮುಂದೆ ಮಾತಾಡುವ ಅಪ್ಪ, ಮನೆಯಲ್ಲಿ ಮಾತಾಡುವ ಅಪ್ಪ. ಒಮ್ಮೆ ಸ್ಟೇಶನ್ನಿನ ಸೇತುವೆ ಕೆಳಗೆ ನಿಂತು, ಮೂಗಿನಲ್ಲಿ ಮರಾಠಿ ಮಾತಾಡಿ, ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸಾರಿದೆ. ಡಬ್ಬಿ ಚೀಲ ಹಿಡಿದು ಜನ ಮೆಟ್ಟಿಲು ಹತ್ತಿ ಓಡಿದರು. ಮರುದಿನ ನಿಜವಾಗಿ ಸಾರಿದಾಗ, ಯಾರೋ ನನ್ನಂಥವನೇ ಇರಬೇಕೆಂದು ನಾನು ಅಲ್ಲಾಡಲಿಲ್ಲ. ಗಾಡಿ ತಪ್ಪಿತು. ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಚೀಲ ಹೊರುವುದು. ಹೆಂಡತಿ ಮಕ್ಕಳು ಊರಿನಲ್ಲಿ. ಭಾನುವಾರ ನಮ್ಮಲ್ಲಿಗೆ ಬಂದು ಊಟ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಕೂತರೆ ಒಂದೇ ಕತೆ: ಬಾವಿ. ಅವರ ಕಾಲಕ್ಕೆ ಊರ ಬಾವಿಗೆ ಕೊಡ ಬಿದ್ದರೆ ಮೊದಲು ಪಾತಾಳಗರಡಿ ಇಳಿಸುತ್ತಿದ್ದರು. ಕಬ್ಬಿಣದ ಕೊಕ್ಕೆಗಳ ಆ ಗೊಂಚಲಿಗೂ ಕೊಡ ಸಿಗದಿದ್ದರೆ ಕಾಕಾನನ್ನು ಕರೆಯುತ್ತಿದ್ದರು. ಕಾಕಾ ಕಟ್ಟೆಯ ಮೇಲಿಂದ ಜಿಗಿದು, ತಳಕ್ಕೆ ಹೋಗಿ, ಕಣ್ಣು ತೆರೆದು ಹುಡುಕುತ್ತಿದ್ದರು.

“ನೀರಿನ್ಯಾಗ ಕಣ್ಣು ತೆರದ್ರ ಬ್ಯಾರೇನ ಒಂದು ಊರ ಕಾಣಸ್ತೈತಿ ತಮ್ಮಾ,” ಎನ್ನುತ್ತಿದ್ದರು. “ಅಲ್ಲಿ ಯಾರೂ ಒದರಂಗಿಲ್ಲ.”

ಇಡೀ ದಿನ ಬೈಸಿಕೊಂಡು ಚೀಲ ಹೊರುವ ಮನುಷ್ಯನ ಮಾತು ಅದು ಎಂದು ಆಗ ನನಗೆ ಹೊಳೆದಿರಲಿಲ್ಲ. ನಾನು ಆ ‘ಒದರಂಗಿಲ್ಲ’ದ ಎಳೆತವನ್ನು ಹಿಡಿಯುವುದರಲ್ಲಿದ್ದೆ.

“ಕಲ್ಯಾಣಕ್ಕ ಬಂದು ಇಪ್ಪತ್ತು ವರ್ಷ ಆತು,” ಎಂದೂ ಅನ್ನುತ್ತಿದ್ದರು, “ತಲಿ ಮುಳುಗುವಷ್ಟು ನೀರ ಕಂಡಿಲ್ಲ ನೋಡ. ನಳದ ಮುಂದ ಕುಂತು ತಂಬಗಿಲೆ ಸುರಕೊಳ್ಳೂದು, ಏಳೂದು.”

ದೋಣಿಯ ಮಾತು ತೆಗೆದವರು ಕೆಳಗಿನ ಮನೆಯ ಉಡುಪಿಯವರು; ಚಾಳಿಗೆಲ್ಲ ಅವರು ಮಾವ. ಅವರು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ಮ್ಯಾನೇಜರು. ಬೇಲಾಪುರದ ಕೋಳಿವಾಡಾದಿಂದ, ಎಂದರೆ ಮೀನುಗಾರರ ಕೇರಿಯಿಂದ, ಅವರಿಗೆ ಮೀನು ಕೊಡುತ್ತಿದ್ದ ಮೀನುಗಾರನೊಬ್ಬನಿಗೆ ಮಶೀನ್ ಹಚ್ಚಿದ ದೋಣಿಯಿತ್ತು. ಅರ್ಧ ದಿನದ ಮಟ್ಟಿಗೆ ಹೋಗುವುದು, ಸಮುದ್ರದ ನೀರು ಒಳನುಗ್ಗುವ ಖಾಡಿಯ ಬಾಯಿಯಲ್ಲಿರುವ ಒಂದು ಸಣ್ಣ ಕಲ್ಲುದ್ವೀಪದಲ್ಲಿ ಕಾಲು ಚಾಚಿ ಕೂತು, ತಿಂದು, ಮಧ್ಯಾಹ್ನಕ್ಕೆ ತಿರುಗಿ ಬರುವುದು. ಜೊತೆಗೆ ಮಾವ ಇನ್ನೊಂದು ಮಾತು ಹೇಳಿದರು. ಅಲ್ಲಿಯ ನೀರು ಯಾವಾಗಲೂ ಕೆಸರೇ. ಆದರೆ ಭರತ ತುಂಬಿ, ಇಳಿತ ಶುರುವಾಗುವ ಮುಂಚೆ, ಹತ್ತು ನಿಮಿಷ ನೀರು ಅಲ್ಲಾಡದೆ ನಿಲ್ಲುತ್ತದೆ. ಆಗ ಬಂಡೆಗಳ ಹತ್ತಿರ ಕೆಸರು ತಳಕ್ಕಿಳಿದು, ಆಳುದ್ದ ಒಳಗೆ ಕಾಣುತ್ತದೆ.

ಕೋಳಿ ಜನ, ಅಲ್ಲಿಯ ಮೀನುಗಾರರು, ಭರತವನ್ನು ತಿಥಿಯ ಮೇಲೆ ಲೆಕ್ಕ ಹಾಕುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗೆ ನೀರಿಗೆ ಸೊಕ್ಕು ಜಾಸ್ತಿ, ಏಕಾದಶಿ ವಾಸಿ ಎಂದಿದ್ದನಂತೆ ದೋಣಿಯವನು. ನಮಗೋ ಭಾನುವಾರವೇ ಆಗಬೇಕು. ಅವನ ಏಕಾದಶಿ ನಮ್ಮ ಭಾನುವಾರದ ಮೇಲೆ ಬೀಳಲು ಎರಡು ತಿಂಗಳು ಕಾಯಬೇಕಾಯಿತು.

ಅಷ್ಟರಲ್ಲಿ ಕಾಕಾ ಆ ನೀರುಗನ್ನಡಕ ತಂದರು. ಉಲ್ಹಾಸನಗರದ ಯಾವುದೋ ಅಂಗಡಿಯದು. ಮೂಗು ಸೇರಿಸಿ ಮುಖ ಮುಚ್ಚುವ ಗಾಜು, ಸುತ್ತ ಟಯರಿನಂತೆ ನಾರುವ ರಬ್ಬರು, ಬಾಯಲ್ಲಿ ಕಚ್ಚಿಕೊಳ್ಳಲು ಡೊಂಕು ಕೊಳವೆ. ಕೊಳವೆಯ ತುದಿಯಲ್ಲಿ ಸಣ್ಣ ಪಂಜರದೊಳಗೆ ಒಂದು ಪಿಂಗ್‌ಪಾಂಗ್ ಚೆಂಡು. ಮುಳುಗಿದರೆ ಚೆಂಡು ಮೇಲೆದ್ದು ನೀರು ಒಳಬರದಂತೆ ಬಾಯಿ ಮುಚ್ಚುತ್ತದೆ ಎಂದು ಕಾಕಾ ಎಲ್ಲರಿಗೂ ವಿವರಿಸಿ, ನಮ್ಮ ಕುಡಿಯುವ ನೀರಿನ ಡ್ರಮ್ಮಿನೊಳಗೆ ತಲೆ ತೂರಿಸಿದರು.

ಅವ್ವ ಲಟ್ಟಣಿಗೆ ಹಿಡಿದೇ ಓಡಿ ಬಂದಳು. “ಕುಡಿಯೂ ನೀರಿನ್ಯಾಗ ಮಾರಿ ಮುಳಗಸ್ತಾರೇನ್ರೀ? ನೀವೇನು ಸಣ್ಣ ಹುಡುಗ್ರಾ?”

ಡ್ರಮ್ಮಿನೊಳಗಿಂದ, ಕೊಳವೆಯ ಮೂಲಕ, ಗುಳುಗುಳು ದನಿ ಬಂತು: “ವೈನೀ, ಒಂದ ನಿಮಿಷ!”

ಆ ವಾರವೆಲ್ಲ ಚಾಳಿನ ನಾಲ್ಕೂ ಮಾಳಿಗೆಯಲ್ಲಿ ನನ್ನ ‘ವೈನೀ, ಒಂದ ನಿಮಿಷ’ಕ್ಕೆ ಬೇಡಿಕೆಯೋ ಬೇಡಿಕೆ.

ಆ ಏಕಾದಶಿಯ ದಿನ ಕ್ಯಾಂಟೀನಿನ ಟೆಂಪೋದಲ್ಲಿ, ಇಡ್ಲಿ ಡಬ್ಬಗಳ ನಡುವೆ, ಹದಿನೈದು ಜನ ಬೇಲಾಪುರ ತಲುಪಿದೆವು. ಬೆಳಕು ಆಗಷ್ಟೇ ಹರಿದಿತ್ತು, ಚಳಿಯಿತ್ತು. ದೋಣಿಯ ಯಜಮಾನನನ್ನು ಅಲ್ಲಿ ನಾಖ್ವಾ ಎನ್ನುತ್ತಾರೆ. ಒಣಕಲು ಆಸಾಮಿ, ದನಿ ಮಾತ್ರ ಮಶೀನನ್ನೂ ಮೀರಿಸುವಂಥದು. ಮಾತಿನ ಕೊನೆಯನ್ನು ಗಾಳ ಎಸೆದ ಹಾಗೆ ದೂರಕ್ಕೆ ಎಸೆಯುತ್ತಿದ್ದ. ಅವನು ಕಾಕಾನಿಗೆ ಹೇಳಿದ: “ದ್ವೀಪದ ಆಚೆ ಬದಿಗೆ ದೋಣಿ ಕಟ್ಟಿ ನೀರು ನೋಡುತ್ತ ಕೂತಿರುತ್ತೇನೆ. ನೀರು ನಿಂತ ತಕ್ಷಣ ‘ಪಾನೀ ಥಾಂಬ್ಲಾ’ ಅಂತ ಕೂಗುತ್ತೇನೆ. ಆಗ ತಡ ಮಾಡಬೇಡ. ನೀರು ಯಾರಿಗಾಗಿಯೂ ಕಾಯುವುದಿಲ್ಲ.”

“ಪಾನೀ ಥಾಂಬ್ಲಾ,” ಎಂದು ಕಾಕಾ ಮೂರು ಸಲ ಬಾಯಿಪಾಠ ಮಾಡಿದರು. ನಾನೂ ಮಾಡಿದೆ, ಮನಸ್ಸಿನಲ್ಲಿ. ಒಂದು ದನಿ ಹಿಡಿಯಲು ನನಗೆ ಅರ್ಧ ಗಂಟೆ ಸಾಕು. ದ್ವೀಪಕ್ಕೆ ಒಂದೂಕಾಲು ಗಂಟೆ ಹಿಡಿಯಿತು.

ದ್ವೀಪವೆಂದರೆ ಕರಿಬಂಡೆಗಳ ಒಂದು ಗುಪ್ಪೆ, ನಾಲ್ಕು ಈಚಲ ಮರ, ಹಿಡಿಯಷ್ಟು ಮರಳು. ಆದರೆ ಅಷ್ಟು ಖಾಲಿ ಜಾಗ ನಾವು ಡೊಂಬಿವಲಿಯವರು ಕಂಡಿರಲಿಲ್ಲ. ಹೆಂಗಸರು ಕಾಲು ಚಾಚಿ ಕೂತರು, ಕ್ಯಾಂಟೀನಿನವರು ಅಡ್ಡಾದರು, ಮಾವ ಪೂರಿಯ ಡಬ್ಬ ಬಿಚ್ಚಿದರು. ಕಾಕಾನಿಗೆ ಏಕಾದಶಿಯ ಉಪವಾಸ. ಒಂದು ಹಿಡಿ ಶೇಂಗಾ ಮಡಿಲಲ್ಲಿಟ್ಟುಕೊಂಡು, ಕನ್ನಡಕವನ್ನು ಹಣೆಯ ಮೇಲೇರಿಸಿ, ನೀರಿನಂಚಿನ ಬಂಡೆಯ ಮೇಲೆ ಕೂತರು. ಕಿವಿ ಆಚೆ ಬದಿಗೆ.

ನಾಖ್ವಾ ಯಾರಿಗೂ ಕಾಣುತ್ತಿರಲಿಲ್ಲ. ಅದೇ ನನ್ನನ್ನು ಕೆಡಿಸಿದ್ದು.

ಮೂತ್ರಕ್ಕೆ ಹೋಗುವವನಂತೆ ಎದ್ದು, ಬಂಡೆಯ ಮರೆಗೆ ಹೋಗಿ, ಕೂಗಿದೆ. “ಪಾನೀ ಥಾಂಬ್ಲಾ!” ಕೊನೆಯನ್ನು ಅವನಂತೆಯೇ ದೂರಕ್ಕೆ ಎಸೆದೆ.

ಕಾಕಾ ಅಂಗಿ ಕಿತ್ತೆಸೆದು, ಪಟ್ಟಾಪಟ್ಟಿ ಚಡ್ಡಿಯಲ್ಲಿ, ಕೊಳವೆ ಕಚ್ಚಿಕೊಂಡು, ಬಾವಿಗೆ ಜಿಗಿದ ಹಾಗೆ ಮೊಣಕಾಲು ಮಡಚಿ ಜಿಗಿದರು. ನೀರು ಇನ್ನೂ ಏರುತ್ತಿತ್ತು, ಚಹಾದ ಬಣ್ಣದ್ದು. ಮೇಲೆ ಬಂದಾಗ ಗಾಜಿನ ತುಂಬ ರಾಡಿ. ಅಷ್ಟರಲ್ಲಿ ನಾನು ಬಂಡೆಯ ಮೇಲೆ ನಿಂತು ಎಲ್ಲರಿಗೂ ಸಲಾಮು ಹೊಡೆಯುತ್ತಿದ್ದೆ. ಹದಿಮೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾನೂ ನಕ್ಕರು. “ಮಂಗ್ಯಾನಂಥವ್ನ! ಥೇಟ್ ಅವನ ದನಿ ಅಲ್ಲಲೇ!”

“ಮರ್ಲಾ ನಿಂಗೆ, ಹುಚ್ಚಾ?” ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. “ಪಾಪ ಮಾರಾಯ, ಅವ್ರು ಉಪವಾಸ ಬೇರೆ.”

ಅಲ್ಲಿಗೆ ಬಿಟ್ಟಿದ್ದರೆ ಅದು ಒಂದು ತಮಾಷೆಯಾಗಿ ಉಳಿಯುತ್ತಿತ್ತು. ಆದರೆ ಕ್ಯಾಂಟೀನಿನ ಒಬ್ಬ, “ಇನ್ನೊಂದ್ಸಲ ಹೊಡಿ ಮಾರಾಯ,” ಎಂದ. ಯಾರಾದರೂ ಇನ್ನೊಂದ್ಸಲ ಎಂದರೆ ನನಗೆ ಅನ್ನ ನೀರು ಬೇಡ. ಹತ್ತು ನಿಮಿಷ ಬಿಟ್ಟು, ಈ ಸಲ ಇನ್ನೂ ದೂರ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದೆ. ಕಾಕಾ ಒಮ್ಮೆ ಹಿಂತಿರುಗಿ ನೋಡಿದರು. ಈ ಸಲ ಕೂಗಿದವನು ನಾನಲ್ಲದಿದ್ದರೆ, ಎಂಬ ಅನುಮಾನ ಇರಬೇಕು. ಎರಡು ತಿಂಗಳು ಕಾದ ಮನುಷ್ಯ. ಜಿಗಿದರು.

ಈ ಸಲ ಮೇಲೆ ಬಂದವರು ನಗಲಿಲ್ಲ. ಕನ್ನಡಕದೊಳಗಿನ ಕೆಸರು ನೀರು ಚೆಲ್ಲಿ, ಅಂಗಿಯ ತುದಿಯಿಂದ ಗಾಜು ಒರೆಸಿದರು. ಆಮೇಲೆ ನಮ್ಮೆಲ್ಲರಿಗೂ ಬೆನ್ನು ಮಾಡಿ, ಈಚಲ ಮರದ ಕೆಳಗೆ ಕೂತು, ಶೇಂಗಾ ಸುಲಿಯತೊಡಗಿದರು.

ಮೂರನೆಯ ಕೂಗು ಬಂದಾಗ ನನ್ನ ಬಾಯಲ್ಲಿ ಪೂರಿ ಇತ್ತು. ಮಾವ ನನ್ನ ಬಾಯಿ ನೋಡಿದರು, ನಾನು ಮಾವನನ್ನು ನೋಡಿದೆ. ಎದ್ದು ಕಾಕಾನ ಹತ್ತಿರ ಓಡಿದೆ. ಈಗಲೂ ನೆನೆದರೆ ನಾಚಿಕೆಯಾಗುವುದು ಇಲ್ಲಿ. ಅವಸರದಲ್ಲಿ, ನಿಜ ಹೇಳಬೇಕಾದ ಹೊತ್ತಿನಲ್ಲಿ, ನನ್ನ ಬಾಯಿಂದ ಬಂದದ್ದು ಕಾಕಾನದೇ ದನಿ: ಅದೇ ಎಳೆತ, ಅದೇ ಗೊಗ್ಗರು. “ಏ ಏಳಪಾ, ಏಳು! ಖರೇನ ನೀರ ನಿಂತೈತಿ!”

ಹಿಂದೆ ಯಾರೋ ಕಿಸಕ್ಕೆಂದರು. ಕಾಕಾ ತಿರುಗಲಿಲ್ಲ. ಪಕ್ಕದಲ್ಲಿದ್ದ ಕನ್ನಡಕವನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. “ನಿಂತಿದ್ರ ನೀನ ನೋಡ್ಕೊಂಡ ಬಾ, ಹೋಗ್.”

ಓಡಿ ಹೋಗಿ ನಾಖ್ವಾನನ್ನು ಕರೆತರಬಹುದಿತ್ತು. ಕೈ ಹಿಡಿದು ಎಳೆಯಬಹುದಿತ್ತು, ಕಾಲಿಗೆ ಬೀಳಬಹುದಿತ್ತು. ನಾನು ಕನ್ನಡಕ ಹಾಕಿಕೊಂಡೆ. ನೋಡಿ ಬಂದು ಹೇಳಿದರೆ ನಂಬುತ್ತಾರೆ ಎಂದುಕೊಂಡೆ, ಅಥವಾ ಹಾಗೆಂದು ಈಗ ಹೇಳಿಕೊಳ್ಳುತ್ತಿದ್ದೇನೆ.

ಮುಖ ಮುಳುಗಿಸಿದೆ. ನೀರು ಹಸಿರಾಗಿತ್ತು, ತಳದವರೆಗೂ. ಬಂಡೆಗೆ ಅಂಟಿದ ಚಿಪ್ಪುಗಳು ತುಸುವೇ ಬಾಯಿ ತೆರೆದಿದ್ದವು. ಉಗುರಿನಷ್ಟು ಮೀನುಗಳು, ಮೈಮೇಲೆ ಕರಿ ಪಟ್ಟೆ, ಗುಂಪಾಗಿ ಒಂದೆಡೆ ನಿಂತಿದ್ದವು. ಒಂದು ಏಡಿ ನನ್ನನ್ನು ನೋಡಿ ಒಂದು ಹೆಜ್ಜೆ ಬದಿಗೆ ಸರಿದು, ಮತ್ತೆ ನೋಡಿತು. ಪಾಚಿಯ ಎಳೆಗಳೆಲ್ಲ ನೆಟ್ಟಗೆ ಮೇಲಕ್ಕೆ ನಿಂತಿದ್ದವು, ಎಲ್ಲಿಗೂ ಬಾಗದೆ. ಸದ್ದೇ ಇರಲಿಲ್ಲ. ನನ್ನದೂ ಇರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ. ಕಾಕಾನ ನೆನಪು ಬಂದದ್ದು ಪಾಚಿಯ ಎಳೆಗಳು ನಿಧಾನ ಸಮುದ್ರದ ಕಡೆ ತಲೆ ಬಾಗಿಸತೊಡಗಿದಾಗ.

ತಲೆಯೆತ್ತಿ ಅರಚಿದೆ. ಅದೇ ಹೊತ್ತಿಗೆ ನಾಖ್ವಾ ಬಂಡೆ ಸುತ್ತಿ ಬಂದು, “ಎಲ್ಲಿ ನಿಮ್ಮ ಕಾಕಾ? ಕೂಗಿ ಕೂಗಿ ಸಾಕಾಯಿತು,” ಎಂದು ಮರಾಠಿಯಲ್ಲಿ ಕೇಳಿದ. ಕಾಕಾ ಅವನ ಮುಖ ನೋಡಿದರು. ಮಡಿಲಿನ ಶೇಂಗಾ ನೆಲಕ್ಕೆ ಬಿತ್ತು. ಬಂದು ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡರು. ಜಿಗಿಯಲಿಲ್ಲ, ಬಂಡೆ ಹಿಡಿದು ಮೆಲ್ಲಗೆ ಇಳಿದರು.

ಬಾವಿಯಲ್ಲಿ ಕಲಿತ ಉಸಿರು. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂಡೆಯ ಸುತ್ತ ನೀರು ಕಣ್ಣೆದುರೇ ಕಂದಾಗುತ್ತಿತ್ತು.

ಬಂದರು. “ಏನ್ ಕಂಡ್ತು?” ಎಂದು ಮಾವ ಕೇಳಿದರು, ಬಹಳ ಮೆತ್ತಗೆ.

“ರಾಡಿ,” ಎಂದರು ಕಾಕಾ.

ವಾಪಸು ಬರುವಾಗ ನಾನು ಬಾಯಿ ಬಿಡಲಿಲ್ಲ. ಪಟ್ಟೆ ಮೀನಿನ ವಿಷಯ ಹೇಳೋಣವೆಂದು ಎರಡು ಸಲ ಹತ್ತಿರ ಸರಿದೆ. ಅದು ಅವರ ಪಾಲಿನ ಊಟ ಉಂಡು ಬಂದು ರುಚಿ ವರ್ಣಿಸಿದ ಹಾಗಾಗುತ್ತಿತ್ತು. “ಎಂತ ಮಾರಾಯ, ರೇಡಿಯೋ ಬಂದ್ ಆಯ್ತಾ ಇವತ್ತು?” ಎಂದು ಮಾವ ಕೆಣಕಿದರು.

ಕನ್ನಡಕವನ್ನು ಕಾಕಾ ಕಲ್ಯಾಣಕ್ಕೆ ಒಯ್ಯಲಿಲ್ಲ. ನಮ್ಮ ಮನೆಯ ಮೊಳೆಗೆ ತೂಗುಹಾಕಿದರು. ಭಾನುವಾರಗಳಂದು ಬರುತ್ತಿದ್ದರು, ಉಣ್ಣುತ್ತಿದ್ದರು, ನನ್ನೊಡನೆ ಚೆನ್ನಾಗಿಯೇ ಇದ್ದರು. ಬಾವಿಯ ಕತೆ ಮಾತ್ರ ಮತ್ತೆ ಹೇಳಲಿಲ್ಲ. ಅವ್ವ ಒಮ್ಮೆ ತಾನಾಗಿ ಎತ್ತಿದರೂ, “ಹಳೇ ಮಾತು ಬಿಡ್ರಿ ವೈನಿ,” ಎಂದರು.

ಬೇಸಿಗೆಯ ಹೊತ್ತಿಗೆ ಅವರ ಬೆನ್ನು ಸೋತಿತ್ತು. ಮಳೆಗೆ ಮುಂಚೆ ಊರಿಗೆ ಹೋಗಿ ಅಲ್ಲೇ ಉಳಿಯುವುದೆಂದು ನಿಶ್ಚಯವಾಯಿತು. ಅಷ್ಟರಲ್ಲಿ ಇನ್ನೊಂದು ಏಕಾದಶಿ ಭಾನುವಾರಕ್ಕೆ ಬಿತ್ತು. ನಾನೇ ಮಾವನನ್ನು ಕಾಡಿ ದೋಣಿ ಗೊತ್ತು ಮಾಡಿಸಿ, ಶನಿವಾರ ಮಧ್ಯಾಹ್ನ ಕಲ್ಯಾಣಕ್ಕೆ ಹೋದೆ. ರೈಲಿನಲ್ಲಿ ಬಾಗಿಲ ಹತ್ತಿರ ನಿಂತು, ಹೇಳಬೇಕಾದದ್ದನ್ನು ಅಭ್ಯಾಸ ಮಾಡಿದೆ. ತಪ್ಪಾಯಿತು ಕಾಕಾ, ನಾಳೆ ಬನ್ನಿ. ಇಷ್ಟೇ. ಅಭ್ಯಾಸ ಮಾಡಿದಷ್ಟೂ ಅದು ಒಮ್ಮೆ ಅಪ್ಪನ ಹಾಗೆ, ಒಮ್ಮೆ ಪ್ರಿನ್ಸಿಪಾಲರ ಹಾಗೆ ಕೇಳಿಸುತ್ತಿತ್ತು.

ಮಾರ್ಕೆಟ್ಟಿನಲ್ಲಿ ಕಾಕಾ ಬೆಲ್ಲದ ಚೀಲಗಳಿಗೆ ಒರಗಿ, ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದರು. ಸುತ್ತ ಏಳೆಂಟು ಹಮಾಲರು ಕೂತು ರೊಟ್ಟಿ ತಿನ್ನುತ್ತಿದ್ದರು. ಎಲ್ಲರೂ ನನ್ನನ್ನು ನೋಡಿದರು. ಎದುರಿಗೆ ಜನ ಕಂಡರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ನಗಿಸಿದರೆ ಹಗುರಾದೀತು ಎನ್ನಿಸಿತು.

“ಪಾನೀ ಥಾಂಬ್ಲಾ!” ಎಂದು ಕೂಗಿದೆ.

ಹಮಾಲರು ನಕ್ಕರು. ಮರುದಿನ ದೋಣಿ ಹೋಯಿತು. ಕಾಕಾ ಹೋಗಲಿಲ್ಲ, ನಾನೂ ಹೋಗಲಿಲ್ಲ, ಮೂರು ವಾರಕ್ಕೆ ಅವರು ಊರಿಗೆ ಹೊರಟುಹೋದರು. ಆದರೆ ಆ ಮಾತು ಅಲ್ಲೇ, ಆ ಮಧ್ಯಾಹ್ನವೇ ಮುಗಿದಿತ್ತು. ಕಾಕಾ ಟವೆಲು ಸರಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಮಗ್ಗುಲಾಗಿ, ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತ ಹೇಳಿದರು:

“ನಾಖ್ವಾನ ದನಿಲೆ ಕರದಿ, ನನ್ನ ದನಿಲೆ ಕರದಿ. ನಿನ್ನ ದನಿಲೆ ಒಮ್ಮೆ ಕರಿ ತಮ್ಮಾ, ಬರ್ತೀನಿ.”