ಎಡಗಡೆಯ ಫೋಟೊ

ಮುಖಕ್ಕೆ ಹಚ್ಚುವ ಸ್ನೋ, ಪೌಡರು, ಬೆವರು ಮೂರೂ ಕೂಡಿದಾಗ ಹುಟ್ಟುವ ಒಂದು ವಾಸನೆಯಿದೆ. ಕಳೆದ ತಿಂಗಳು ಹುಮನಾಬಾದಿನಲ್ಲಿ ನನ್ನ ನಾದಿನಿಯ ಮಗಳ ಮದುವೆಯ ಫೋಟೊಗಳ ಬಗ್ಗೆ ಮಾತಾಡಲು ಎಲ್ಲರೂ ಕೂತಿದ್ದೆವು. ಫೋಟೊ ತೆಗೆಯುವವರು ಲ್ಯಾಪ್‌ಟಾಪು ತೆರೆದು, ಬಸವಕಲ್ಯಾಣದ ಕೋಟೆಯಲ್ಲಿ ಯಾವ ಕಮಾನಿನ ಕೆಳಗೆ, ಯಾವ ಹೊತ್ತಿನ ಬಿಸಿಲಿನಲ್ಲಿ ಜೋಡಿಯನ್ನು ನಿಲ್ಲಿಸುತ್ತೇವೆ ಎಂದು ತೋರಿಸುತ್ತಿದ್ದರು. ಮೇಕಪ್ಪಿನವಳು ಪೆಟ್ಟಿಗೆ ತೆರೆದು ಹುಡುಗಿಯ ಕುತ್ತಿಗೆಗೆ ಬಣ್ಣ ಹೊಂದುತ್ತದೋ ಇಲ್ಲವೋ ಎಂದು ಹಚ್ಚಿ ನೋಡಿದಳು. ಸೆಕೆಯ ದಿನ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ. ನಲವತ್ತರ ಹತ್ತಿರ ಬಂದವಳು, ಎರಡು ಮಕ್ಕಳ ತಾಯಿ, ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಒಂಬತ್ತು ವರ್ಷದ ಹುಡುಗಿಯ ಹಾಗೆ ಅಂಜಿ ಬಾಗಿಲು ಕಾಯುತ್ತಿದ್ದೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ಅದೊಂದು ಮಾತ್ರ ಹೋಗಿರುವುದಿಲ್ಲ.

ನಮ್ಮ ಮನೆ ಬಸವಕಲ್ಯಾಣದ ಹಳೆಯ ಓಣಿಯೊಂದರಲ್ಲಿತ್ತು. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ತೆರೆದ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ. ಪಕ್ಕದ ಮನೆಯವರು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಅವರ ಬಿಲ್ಲಿನ ಟುಂಯ್ ಟುಂಯ್ ಸದ್ದು ಮಧ್ಯಾಹ್ನವೆಲ್ಲ ಗೋಡೆ ದಾಟಿ ಬರುತ್ತಿತ್ತು, ಜೊತೆಗೆ ಹತ್ತಿಯ ಧೂಳೂ ಬರುತ್ತಿತ್ತು. ಅಪ್ಪ ಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಬರುವ ಬಸ್ಸಿನ ಡ್ರೈವರ್. ಮನೆಯಲ್ಲಿ ಅವನ ಮಾತು ಕಡಿಮೆ. ಅವನ ತಾಯಿ, ನಮ್ಮ ಆಯಿ, ಮುಡಬಿಯ ಕಡೆಯವಳು. ಬಾಗಿಲ ಬಳಿಯ ಕಟ್ಟೆಯೇ ಅವಳ ಜಾಗ. ಅವಳ ಗಂಟಲು ಕೇಳಿದರೆ ಓಣಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ಅವ್ವ ಕೊಹಿನೂರು ಎಂಬ ಹಳ್ಳಿಯವಳು, ಎಲ್ಲದಕ್ಕೂ ಅಂಜುವವಳು. ಬಸ್ಸು ಕಾಲು ಗಂಟೆ ತಡವಾದರೆ ಅಂಜುತ್ತಿದ್ದಳು, ಯಾರಾದರೂ ಜೋರಾಗಿ ನಕ್ಕರೆ ಅಂಜುತ್ತಿದ್ದಳು. ಇನ್ನುಳಿದವರು ನಾನು ಮತ್ತು ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಸುಮಕ್ಕ. ಅವಳೇ ನನ್ನನ್ನು ಎತ್ತಿ ಬೆಳೆಸಿದ್ದು.

ಸುಮಕ್ಕನಿಗೆ ಹುಮನಾಬಾದಿನ ಸಂಬಂಧ ಗೊತ್ತಾಗಿತ್ತು. ಹುಡುಗನ ಹೆಸರು ಶಿವಕುಮಾರ. ಮೂಲ ಹುಡಗಿ ಎಂಬ ಹಳ್ಳಿಯ ಒಕ್ಕಲುತನದ ಮನೆ. ಪೇಟೆಗೆ ಬಂದು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದರು. ನಿಶ್ಚಯವಾಗಿ ತಿಂಗಳಾಗಿತ್ತು. ಒಂದು ಭಾನುವಾರ ಅವ್ವ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಎದುರಿಗೆ ಕೂತು ನನ್ನ ಸರದಿ ಕಾಯುತ್ತಿದ್ದೆ. ಅವ್ವನ ಕೈ ನಿಂತಿತು. ಅಕ್ಕನ ಎಡಕಿವಿಯ ಹಿಂದೆ ಹುರಿಗಡಲೆಯಷ್ಟು ಒಂದು ಬಿಳಿ ಮಚ್ಚೆ. ಅವ್ವ ಅದನ್ನು ಸೆರಗಿನಿಂದ ಉಜ್ಜಿದಳು, ಉಗುಳು ಹಚ್ಚಿ ಉಜ್ಜಿದಳು. ಅದು ಹೋಗಲಿಲ್ಲ. ಮೂರು ವಾರದಲ್ಲಿ ಕುತ್ತಿಗೆಗೆ ಇಳಿಯಿತು, ಎಡ ಮಣಿಕಟ್ಟಿನ ಮೇಲೂ ಒಂದು ಕಾಣಿಸಿತು. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಗುಟ್ಟಾಗಿ ಡಾಕ್ಟರ ಬಳಿ ಹೋದಳು. ಇದು ಅಂಟುವಂಥದ್ದಲ್ಲ, ಜೀವಕ್ಕೆ ಏನೂ ಆಗದು, ಆದರೆ ಹೋಗುತ್ತದೆ ಎನ್ನಲಾರೆ ಎಂದು ಅವರು ಹೇಳಿದರು. ಕೊನೆಯ ಮಾತಷ್ಟೇ ಅವ್ವನ ಕಿವಿಗೆ ಬಿದ್ದಿತು. ಮನೆಗೆ ಬಂದು ಚೀಟಿಯನ್ನು ಟ್ರಂಕಿನ ತಳದಲ್ಲಿಟ್ಟು ನನ್ನ ರಟ್ಟೆ ಹಿಡಿದಳು. “ನಿಮ್ಮಪ್ಪಗ ಹೇಳಬ್ಯಾಡ, ಆಯಿಗಂತೂ ಹೇಳಲೇಬ್ಯಾಡ. ನಿನ್ನ ಬಾಯಿಂದ ಬಿದ್ದರ ನಿಮ್ಮಕ್ಕನ ಲಗ್ನ ಮುರೀತದ. ತಿಳೀತಿಲ್ಲೊ?” ಅವಳ ಉಗುರಿನ ಗುರುತು ನನ್ನ ತೋಳಿನಲ್ಲಿ ಎರಡು ದಿನ ಇತ್ತು.

ಅಂದಿನಿಂದ ದಿನಾ ಬೆಳಗ್ಗೆ ಬಾಗಿಲು ಹಾಕಿ ಅವ್ವ ಒಂದು ಲೇಪ ಕಲಸುತ್ತಿದ್ದಳು. ಸ್ನೋ, ಪೌಡರು, ಸ್ವಲ್ಪ ಕೆಮ್ಮಣ್ಣು, ಚಹಾದ ಕಪ್ಪು ನೀರು. ಅಕ್ಕನ ಮೈಬಣ್ಣ ಬರುವ ತನಕ ತನ್ನ ಅಂಗೈಯಲ್ಲಿ ತಿಕ್ಕಿ ನೋಡಿ, ಆಮೇಲೆ ಕುತ್ತಿಗೆಗೆ ಹಚ್ಚುತ್ತಿದ್ದಳು. ಅಕ್ಕ ಗೋಡೆ ನೋಡುತ್ತ ಕೂರುತ್ತಿದ್ದಳು. ನನ್ನ ಕೆಲಸ ಬಾಗಿಲ ಸಂದಿಯಿಂದ ಆಯಿಯ ಮೇಲೆ ಕಣ್ಣಿಡುವುದು.

ಬೇಸಗೆ ಹತ್ತಿರ ಬಂದಾಗ ಫೋಟೊಗಳ ಮಾತು ಶುರುವಾಯಿತು. ಎರಡೂ ಮನೆಯವರು ಸೇರಿ ಹುಮನಾಬಾದಿನ ರಹೀಮ್ ಸಾಬರನ್ನು ಗೊತ್ತು ಮಾಡಿದ್ದರು. ಅವರ ಸ್ಟುಡಿಯೊ ಬೀಗರ ಅಂಗಡಿಯ ಓಣಿಯಲ್ಲೇ ಇತ್ತು. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು ಅಂಗಳದಲ್ಲಿ ನಿಂತು, ಬೇವಿನ ಮರದ ನೆರಳು ಎಲ್ಲಿ ಬೀಳುತ್ತದೆ, ಅರಿಶಿಣದ ಮಣೆ ಎಲ್ಲಿಟ್ಟರೆ ಬೆಳಕು ಬರುತ್ತದೆ ಎಂದೆಲ್ಲ ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಬಳೆ ಇಡಿಸುವುದು, ಬಾಸಿಂಗ ಕಟ್ಟುವುದು, ಅಕ್ಕಿಕಾಳು ಹಾಕುವುದು, ಕೊನೆಗೆ ಎರಡೂ ಮನೆಯವರ ದೊಡ್ಡ ಫೋಟೊ. ಅವ್ವ ಬಾಗಿಲ ಹಿಂದೆ ನಿಂತೇ ಹೇಳಿದಳು, “ಅಣ್ಣಾ, ಎಡಗಡೀಂದ ತೆಗೀಬ್ಯಾಡ್ರಿ. ಒಂದೂ ತೆಗೀಬ್ಯಾಡ್ರಿ.”

“ಯಾಕ್ರೀ ಅಮ್ಮಾ? ಅರಿಶಿಣದಾಗ ಬೆಳಕು ಆ ಕಡೀಂದೇ ಬರ್ತದ.”

“ಆಕಿ ಮುಖ ಆ ಕಡೆ ಚೆಂದ ಬರಂಗಿಲ್ರಿ.”

ರಹೀಮ್ ಸಾಬರು ಅಂಗಳದಲ್ಲಿ ನಿಂತಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು. ಅಷ್ಟೇ. ಆಮೇಲೆ ಏನೋ ಬರೆದುಕೊಂಡರು. ಅವರು ಏನು ಬರೆದರು ಎಂಬ ಹೆದರಿಕೆಯಲ್ಲಿ ನನಗೆ ಆ ವಾರ ಊಟ ಸೇರಲಿಲ್ಲ. ಆ ನೋಟುಬುಕ್ಕು ಬೀಗರ ಓಣಿಗೆ ಹೋಗುತ್ತಿತ್ತಲ್ಲ!

ಹೋಗುವ ಮುಂಚೆ ಅವರು ಇನ್ನೊಂದು ಮಾತು ಹೇಳಿದ್ದರು. ಶಿವಕುಮಾರನ ತಾಯಿಗೆ ಸೊಸೆಯದೊಂದು ದೊಡ್ಡ ಫೋಟೊ ಮೊದಲೇ ಬೇಕಂತೆ, ಪಡಸಾಲೆಯಲ್ಲಿ ಹಾಕಿಸಲು. ಅದಕ್ಕೆ ಸ್ಟುಡಿಯೊಕ್ಕೇ ಬರಬೇಕು. ನಾವು ಹೋಗಬೇಕಾದ ದಿನ ಮನೆಯಲ್ಲಿ ಮದುವೆಯ ಶಾವಿಗೆ ಹಾಕುವ ಕೆಲಸ ನಡೆದಿತ್ತು, ಅವ್ವ ಬರುವಂತಿರಲಿಲ್ಲ. ಲೇಪ ದಪ್ಪಗೆ ಹಚ್ಚಿ, ನನ್ನನ್ನು ಕಾವಲಿಗೆ ಕಳಿಸಿದಳು. ಅಪ್ಪನ ಬಸ್ಸಿನಲ್ಲೇ ಹೋದೆವು, ಅವನ ಬೆನ್ನ ಹಿಂದಿನ ಸೀಟಿನಲ್ಲಿ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅರ್ಧ ದಾರಿಯಲ್ಲೇ ಅಕ್ಕನ ಕುತ್ತಿಗೆಯಲ್ಲಿ ಬೆವರು ಇಳಿದು ಲೇಪದಲ್ಲಿ ಗೆರೆ ಮೂಡಿತು. ನಾನು ಕರವಸ್ತ್ರ ಹಿಡಿದು ಆ ಗೆರೆಯನ್ನೇ ನೋಡುತ್ತಿದ್ದೆ. ಅಪ್ಪ ಎದುರಿನ ಕನ್ನಡಿಯಲ್ಲಿ ಆಗಾಗ ನಮ್ಮನ್ನು ನೋಡಿ ನಗುತ್ತಿದ್ದ. ಅವನು ಕನ್ನಡಿ ನೋಡಿದಾಗಲೆಲ್ಲ ನಾನು ಅಕ್ಕನ ಕುತ್ತಿಗೆಗೆ ಅಡ್ಡವಾಗಿ ಬಾಗುತ್ತಿದ್ದೆ.

ಸ್ಟುಡಿಯೊದಲ್ಲಿ ನೀಲಿ ಪರದೆ, ಎರಡು ಛತ್ರಿ ಲೈಟು. ಲೈಟು ಹತ್ತಿಸಿದ ಐದು ನಿಮಿಷಕ್ಕೆ ಲೇಪ ಕರಗಿ ರವಿಕೆಯ ಅಂಚಿಗೆ ಇಳಿಯಿತು. ನಾನು ಓಡಿ ಹೋಗಿ ಅಕ್ಕನ ಎಡಕ್ಕೆ ಅಡ್ಡ ನಿಂತೆ. ರಹೀಮ್ ಸಾಬರು ಕ್ಯಾಮೆರಾದಿಂದ ತಲೆಯೆತ್ತಿ, ಒಂದು ಟವೆಲು ಮತ್ತು ಕೈಗನ್ನಡಿ ತಂದುಕೊಟ್ಟರು. “ಒರಸ್ಕೊ ಬೇಟಿ. ಅವಸರ ಇಲ್ಲ. ನಾ ಬಲಗಡೀಂದೇ ತೆಗೀತೇನಿ.”

ಅಕ್ಕ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಇಡೀ ಲೇಪವನ್ನು ಒರೆಸಿ ತೆಗೆದಳು, ಮಣಿಕಟ್ಟಿನದನ್ನೂ. ಜಡೆಯನ್ನು ಬಲಕ್ಕೆ ಸರಿಸಿ ಹೇಳಿದಳು, “ಚಾಚಾ, ಎಡಗಡೀಂದೇ ಒಂದು ತೆಗೀರಿ. ಫೋಟೊ ತೊಳದು ಅವರ ಕೈಯಾಗೇ ಕೊಡ್ರಿ. ಅವರ ಅವ್ವಗಲ್ಲ, ಅವರಿಗೇ.”

“ನಿಮ್ಮ ಮನ್ಯಾಗ ಗೊತ್ತದೇನು?”

“ಇಲ್ರಿ.”

“ಮತ್ತ ಯಾಕ ಬೇಟಿ? ಇನ್ನ ಇಪ್ಪತ್ತು ದಿನ ಅದ ಲಗ್ನ.”

“ಆಮ್ಯಾಲಿನ ದಿನ ಹ್ಯಾಂಗ ಕಳೀಲಿ ಚಾಚಾ? ದಿನಾ ಅವರಿಗಿಂತ ಮೊದಲ ಎದ್ದು, ಬಾಗಲಾ ಹಾಕ್ಕೊಂಡು, ಹಚ್ಕೊಂತ ಕೂಡಬೇಕೇನು? ನನಗ ಅಂಜಿಕಿ ಬರಾಕತ್ತದ.” ಅವಳು ಕತ್ತನ್ನು ಮಾತ್ರ ಅಲುಗಿಸಲಿಲ್ಲ. ರಹೀಮ್ ಸಾಬರು ಲೈಟನ್ನು ಎಡಕ್ಕೆ ತಿರುಗಿಸಿದರು.

ಮರಳಿ ಬರುವಾಗ ಅಕ್ಕ ಸೆರಗನ್ನು ಕಿವಿಯ ತನಕ ಹೊದ್ದುಕೊಂಡಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಳು. ಹೀಗೆ ಅಪ್ಪನಿಂದ ಮುಚ್ಚಿಟ್ಟ ಅವ್ವನ ಗುಟ್ಟು ಒಂದು, ಅವ್ವನಿಂದ ಮುಚ್ಚಿಟ್ಟ ಅಕ್ಕನ ಗುಟ್ಟು ಇನ್ನೊಂದು, ಎರಡೂ ನನ್ನ ಹೊಟ್ಟೆಯಲ್ಲಿ ಕೂತವು. ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ಬೀಗರ ಕಡೆಯವರೇ ಬಂದರೆಂದು ಎದ್ದು ನಿಲ್ಲುತ್ತಿದ್ದೆ. ಲಗ್ನಪತ್ರಿಕೆಗಳು ಊರೂರಿಗೆ ಹೋಗಿದ್ದವು. ಪಕ್ಕದ ಮನೆಯವರು ಅಕ್ಕನ ಗಾದಿಗೆಂದು ಹೊಸ ಹತ್ತಿ ಹಿಂಜುತ್ತಿದ್ದರು. ಆ ಟುಂಯ್ ಟುಂಯ್ ನನ್ನ ಎದೆಯೊಳಗೇ ಬಡಿದಂತಾಗುತ್ತಿತ್ತು. ನನಗೆ ಜ್ವರ ಬಂತು. ಬಡಬಡಿಸುವಾಗ ಬಾಯಿ ಬಿಟ್ಟೇನೆಂದು ನಿದ್ದೆಗೂ ಅಂಜಿದೆ. ಅಕ್ಕ ಒದ್ದೆ ಬಟ್ಟೆ ಹಣೆಗೆ ಹಾಕುತ್ತ “ನೀ ಏನೂ ತಪ್ಪು ಮಾಡಿಲ್ಲ” ಎನ್ನುತ್ತಿದ್ದಳು. ಅವಳ ಬೆರಳುಗಳೂ ತಣ್ಣಗಿದ್ದವು.

ಸ್ಟುಡಿಯೊದಿಂದ ಬಂದ ಒಂಬತ್ತನೆಯ ದಿನ, ಊಟದ ಹೊತ್ತಿಗೆ, ಒಂದು ಜೀಪು ನಿಂತಿತು. ಶಿವಕುಮಾರ ಮತ್ತು ಅವನ ಸೋದರಮಾವ. ಅಪ್ಪ ಎಂಜಲು ಕೈಯಲ್ಲೇ ಎದ್ದ. ಶಿವಕುಮಾರ ನೆಲ ನೋಡುತ್ತ ಕಟ್ಟೆಯ ತುದಿಯಲ್ಲಿ ಕೂತ. ಮಾವನೇ ಮಾತೆತ್ತಿ, “ಮುಚ್ಚಿಟ್ಟು ಹೆಣ್ಣು ಕೊಡಾಕತ್ತಿದ್ರೇನ್ರಿ?” ಎಂದು ಆ ಫೋಟೊವನ್ನು ಅಪ್ಪನ ಮುಂದೆ ಇಟ್ಟ. ಅಪ್ಪನಿಗೆ ಅದು ಏನೆಂದೇ ತಿಳಿಯಲಿಲ್ಲ. ಎತ್ತಿಕೊಂಡು ಬೆಳಕಿಗೆ ಹಿಡಿದ.

“ಮುಚ್ಚಿಲ್ಲ ಮಾಮಾ,” ಎಂದ ಶಿವಕುಮಾರ, ತಲೆ ಎತ್ತದೆ. “ಆಕೀನೇ ಕಳಿಸಿದ್ಳು. ಆರು ದಿನ ನನ್ನ ಕಿಸೇದಾಗೇ ಇತ್ತು. ನನಗೇನೂ ಅಡ್ಡಿ ಇರಲಿಲ್ರಿ. ಅಂಗಿ ಒಗೀವಾಗ ಅವ್ವನ ಕೈಗೆ ಸಿಕ್ತು. ಅವ್ವ ಊಟಾ ಬಿಟ್ಟು ಕೂತಾಳ.” ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ. ತಾಯಿಯ ಎದುರು ನಿಲ್ಲಲು ಅವನಿಗೂ ಅಂಜಿಕೆ, ಅಷ್ಟೇ. ಅರ್ಧ ಗಂಟೆಯಲ್ಲಿ ಜೀಪು ಹೋಯಿತು, ಮದುವೆಯೂ ಹೋಯಿತು.

ಅಡುಗೆಮನೆಯ ಮೂಲೆಯಲ್ಲಿ ಅವ್ವ ಮುದುಡಿ ಕೂತಿದ್ದಳು. ಅಪ್ಪ ಹೊಡೆಯುತ್ತಾನೆಂದುಕೊಂಡೆ, ಎಂದೂ ಕೈ ಎತ್ತದವನ ಬಗ್ಗೆಯೂ ಆ ಹೊತ್ತು ನನಗೆ ಹಾಗನ್ನಿಸಿತು. ಅವನು ಅವಳೆದುರು ಕುಕ್ಕರುಗಾಲಿನಲ್ಲಿ ಕೂತು ಕೇಳಿದ, “ನನಗ ಯಾಕ ಹೇಳಲಿಲ್ಲ?”

“ಅಂಜಿದ್ದೆ.”

“ನನಗ ಅಂಜಿದ್ದೇನು?”

“ಎಲ್ಲಾರಿಗೂ.”

ಮುಂದಿನ ದಿನಗಳಲ್ಲಿ ಓಣಿಯವರು ಬಂದು ಬಂದು ಹೋದರು. ಕೆಲವರು ಕನಿಕರಕ್ಕೆ, ಕೆಲವರು ಅಕ್ಕನ ಕುತ್ತಿಗೆ ನೋಡಲು. ಅವ್ವ ಅಕ್ಕನೊಡನೆ ಮಾತು ಬಿಟ್ಟಳು. ಆಯಿ ಕಟ್ಟೆಯ ಮೇಲೆ ಹಗಲೆಲ್ಲ ಬಾಯಿ ಬಿಗಿದು ಕೂತಿದ್ದಳು. ಅವಳ ಆ ಮೌನಕ್ಕೆ ನಾವೆಲ್ಲ ಇನ್ನಷ್ಟು ಹೆದರಿದ್ದೆವು.

ಮದುವೆಯಾಗಬೇಕಿದ್ದ ದಿನ ಬೆಳಗ್ಗೆ ಎಂಟಕ್ಕೆ ರಹೀಮ್ ಸಾಬರು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು. ನಮಗೆಲ್ಲ ಗಾಬರಿ. ಅಪ್ಪನೇ ಅವರಿಗೆ ಬರಹೇಳಿದ್ದನಂತೆ. “ತಾರೀಖು ಕೊಟ್ಟದ್ದು ಕೊಟ್ಟದ್ದೇ. ನಮ್ಮ ಮನಿಯವರು ಎಲ್ಲಾರೂ ಕೂಡಿ ಒಂದು ಫೋಟೊನೂ ಇಲ್ಲ. ಹೊಸ ಬಟ್ಟಿ ಹಾಕ್ಕೊಳ್ರಿ,” ಎಂದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಕ್ಕ ಮದುವೆಯ ಹಸಿರು ಸೀರೆ ಉಟ್ಟು ಹೊರಬಂದಳು. ಅವ್ವ ಒಳಗಿನಿಂದ ಓಡಿ ಬಂದಳು, ಅಂಗೈಯಲ್ಲಿ ಲೇಪ. ಅಷ್ಟು ದಿನಗಳ ಮೇಲೆ ಮಗಳನ್ನು ಮುಟ್ಟಿ, ಕುತ್ತಿಗೆಗೆ ಹಚ್ಚತೊಡಗಿದಳು. ಅಕ್ಕ ಕಣ್ಣು ಮುಚ್ಚಿ ನಿಂತಳು.

ಆಗ ಆಯಿ ಕಟ್ಟೆಯಿಂದ ಇಳಿದಳು. ನಾನು ಅಪ್ಪನ ಹಿಂದೆ ಅಡಗಿದೆ. ಆಯಿ ತಂಬಿಗೆಯ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಅಕ್ಕನ ಕುತ್ತಿಗೆಯನ್ನು ಕೂಸಿನ ಮುಖ ಒರೆಸಿದ ಹಾಗೆ ಮೆಲ್ಲಗೆ ಒರೆಸಿದಳು. ಆಮೇಲೆ ಅವ್ವನ ಅಂಗೈ ಹಿಡಿದು ಅದನ್ನೂ ಒರೆಸಿದಳು. “ಇನ್ನ ಯಾರಿಗಂಜತಿ? ಬರವರು ಬಂದು ಹೋದ್ರು,” ಎಂದು ಸಾಬರ ಕಡೆ ತಿರುಗಿ, “ಹ್ಯಾಂಗದಾಳ ಹಾಂಗ ತೆಗೀರಿ,” ಎಂದಳು.

ಆ ಫೋಟೊ ನನ್ನ ಬಳಿ ಇದೆ. ಆಯಿ ಕುರ್ಚಿಯಲ್ಲಿ, ಅಪ್ಪ ಹಿಂದೆ, ನಾನು ಕೆಳಗೆ, ನಡುವೆ ಅಕ್ಕ, ಎಡಗಡೆ ಬೆಳಕಿಗೆ. ನಾವೆಲ್ಲ ಕ್ಯಾಮೆರಾ ನೋಡುತ್ತಿದ್ದೇವೆ. ಅವ್ವ ಮಾತ್ರ ಓಣಿಯ ಬಾಗಿಲು ನೋಡುತ್ತಿದ್ದಾಳೆ, ಯಾರೋ ಬಂದುಬಿಡುತ್ತಾರೆ ಎಂಬಂತೆ.

ಆಯಿ ಎರಡು ವರ್ಷಕ್ಕೆ ಹೋದಳು. ಅಪ್ಪ ನಿವೃತ್ತಿಯಾದ ಮೇಲೆ ಬಹಳ ದಿನ ಉಳಿಯಲಿಲ್ಲ. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು, ಉಳಿದದ್ದನ್ನು ಮಳೆ ಕೆಡವಿತು. ಅಕ್ಕ ಓದಿ ಟೀಚರಾಗಿ ಕೊಹಿನೂರಿನ ಶಾಲೆಗೆ ಹೋದಳು, ಮದುವೆಯಾಗಲಿಲ್ಲ. ಬಿಳಿ ಅವಳ ಮೈಯೆಲ್ಲ ಹರಡುತ್ತ ಹೋಯಿತು. ಶಾಲೆಯ ಮಕ್ಕಳು ಮೊದಲ ದಿನ ದಿಟ್ಟಿಸಿ ನೋಡಿ, ಎರಡನೆಯ ದಿನಕ್ಕೆ ಮರೆತು ಅವಳ ಕೈ ಹಿಡಿದು ನಡೆಯುತ್ತಿದ್ದರಂತೆ. ಅವ್ವನಿಗೆ ಮಾತ್ರ ಮರೆಯಲಾಗಲಿಲ್ಲ. ಅಕ್ಕ ದಿನಾ ಶಾಲೆಯಿಂದ ಬಸ್ಸಿನಲ್ಲಿ ಮರಳುವ ತನಕ ಅವಳು ಬಾಗಿಲಲ್ಲೇ ಕೂತಿರುತ್ತಿದ್ದಳು.

ಹೋದ ವರ್ಷ ಬೀದರಿನ ಆಸ್ಪತ್ರೆಯಲ್ಲಿ ಅವ್ವನ ಕೊನೆಯ ದಿನಗಳು. ಮಾತು ನಿಂತಿತ್ತು, ಗುರುತೂ ಪೂರ್ತಿ ಹತ್ತುತ್ತಿರಲಿಲ್ಲ. ಅಷ್ಟೊತ್ತಿಗೆ ಅಕ್ಕನ ಮೈ ತಲೆಯಿಂದ ಕಾಲಿನ ತನಕ ಒಂದೇ ಬಿಳಿ. ಮುಚ್ಚಲು ಏನೂ ಉಳಿದಿರಲಿಲ್ಲ. ಬೆಳಗ್ಗೆ ಡಾಕ್ಟರು, ನರ್ಸುಗಳು ಗುಂಪಾಗಿ ಒಳಗೆ ಬರುವ ಸದ್ದಾಯಿತು. ಹಾಸಿಗೆಯಿಂದ ಅವ್ವನ ಕೈ ಮೆಲ್ಲಗೆ ಮೇಲೆದ್ದಿತು, ಗಾಳಿಯಲ್ಲಿ ತಡಕಾಡಿ ಅಕ್ಕನ ಸೆರಗು ಹಿಡಿಯಿತು, ಅದನ್ನು ಎಡಗಡೆಯ ಕುತ್ತಿಗೆಯ ಮೇಲೆ ಎಳೆಯಲು ನೋಡಿತು. ಕೈ ಎಟುಕಲಿಲ್ಲ. ಅಕ್ಕ ಎಟುಕುವಷ್ಟು ಬಾಗಿದಳು.